ಒಂಬತ್ತು ಕಡೆ ಇಂಟು

ಸಹಿ ಹಾಕಿಸಿಕೊಳ್ಳಲು ಬಂದವರು ಕೈ ನೋಡಿರಲಿಲ್ಲ.

ಕಾಗದ ಸಿದ್ಧವಾಗಿತ್ತು. ಸಹಿ ಬೇಕಾದಲ್ಲೆಲ್ಲ ಹಳದಿ ಚೀಟಿ ಅಂಟಿಸಿದ್ದರು. ಮನೆ ಮನೆಗೆ ಹೋಗುವ ನೋಟರಿಯನ್ನು ಗೊತ್ತು ಮಾಡಿ ವಿಳಾಸ ಕೊಟ್ಟಿದ್ದರು. ಪೆನ್ನೂ ಮೀನು ಕಾರ್ಖಾನೆಯದೇ, ಅದರ ಮೇಲೆ ನಗುವ ಕ್ಯಾಟ್‌ಫಿಶ್ ಮೀನಿನ ಚಿತ್ರ. ಸಹಿ ಹಾಕಬೇಕಾದ ವರ್ನೆಲ್ ಗ್ಯಾಡಿಸ್‌ಳ ಬಲಗೈಯನ್ನು ಅದೇ ಕಾರ್ಖಾನೆ ತಿಂದು ಇಪ್ಪತ್ತಾರು ದಿನವಾಗಿತ್ತು ಅನ್ನುವುದೊಂದು ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ. ಆ ಕೈಯ ಬಗ್ಗೆಯೇ ಒಂಬತ್ತು ಪುಟ ಬರೆದ ವಕೀಲರಿಗೂ ಹೊಳೆದಿರಲಿಲ್ಲ.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಎರಡು ಗಾಡಿ ಬಂದವು. ಮುಂದೆ ನೋಟರಿಯ ಹಳೆಯ ಕಾರು, ಅದರ ಬಾಗಿಲಿಗೆ 'ನೀವಿದ್ದಲ್ಲಿಗೇ ನೋಟರಿ' ಎಂಬ ಫಲಕ. ಹಿಂದೆ ಕಾರ್ಖಾನೆಯ ಆಫೀಸಿನ ಗ್ರೇಡಿಯ ಪಿಕಪ್. ವರ್ನೆಲ್ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಬೆಳಗಿನಿಂದ ಅಲ್ಲೇ ಕೂತಿದ್ದಳು. ತಂಗಿಯ ಮಗಳು ಟವಾನ ಮಾಡಿಟ್ಟ ಜೋಳದ ರೊಟ್ಟಿ ತಟ್ಟೆಯಲ್ಲೇ ಇತ್ತು. ಮಾತ್ರೆಯ ಮಂಪರೋ ಏನೋ, ಇಪ್ಪತ್ತಾರು ದಿನದಿಂದ ಅವಳಿಗೆ ಹಸಿವೂ ಇಲ್ಲ, ಸಿಟ್ಟೂ ಇಲ್ಲ. ಯಾರಾದರೂ ಕರೆದರೆ ಹೂಂ ಅನ್ನುತ್ತಿದ್ದಳು, ಕೂರು ಅಂದರೆ ಕೂರುತ್ತಿದ್ದಳು.

ಗ್ರೇಡಿ ಬಾಗಿಲು ತಟ್ಟಲಿಲ್ಲ. ಒಳಗೆ ಬಂದ.

"ಹೇಗಿದ್ದೀಯ ವರ್ನೆಲ್? ಚೆನ್ನಾಗೇ ಕಾಣ್ತೀಯಲ್ಲ."

ಗ್ರೇಡಿ ಬಿಳಿಯ, ಅವನಿಗೆ ಮೂವತ್ತೂ ಆಗಿರಲಿಲ್ಲ; ಕಪ್ಪು ಹೆಂಗಸು ವರ್ನೆಲ್‌ಗೆ ಐವತ್ತೆಂಟು. ಅವನು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಅವನನ್ನು ಮಿಸ್ಟರ್ ಗ್ರೇಡಿ ಅನ್ನಬೇಕಿತ್ತು. ಮಿಸಿಸಿಪ್ಪಿಯಲ್ಲಿ ಹತ್ತಿ ಹೋಗಿ ಮೀನು ಬಂತು. ಹೊಲ ಹೋಗಿ ಕೆರೆ ಬಂತು. ಈ ಒಂದು ಮಾತ್ರ ಇದ್ದ ಹಾಗೇ ಇದೆ.

"ಇದ್ದೀನಿ ಮಿಸ್ಟರ್ ಗ್ರೇಡಿ," ಅಂದಳು ವರ್ನೆಲ್.

ನೋಟರಿಯೂ ಕಪ್ಪು ಹೆಂಗಸೇ, ಐವತ್ತರ ಆಸುಪಾಸು, ಮಂಡಿ ನೋವಿನವಳ ನಡಿಗೆ. ಹೆಸರು ಯೂಲಾ ಬ್ರಿಸ್ಕೋ. ಹೆಗಲಿನ ಚೀಲದಿಂದ ಮೊಹರು, ದಪ್ಪ ರಿಜಿಸ್ಟರ್, ಕನ್ನಡಕ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಆಸ್ಪತ್ರೆ, ಜೈಲು, ಸಾವಿನ ಮನೆ, ಎಲ್ಲ ಕಡೆ ಹೋಗಿ ಹೀಗೇ ಇಡುವವಳು.

"ಗುರುತಿನ ಕಾರ್ಡ್ ಕೊಡ್ತೀರಾ ಮಿಸ್ ವರ್ನೆಲ್?"

ಟವಾನ ತಂದುಕೊಟ್ಟಳು. ಯೂಲಾ ಕಾರ್ಡಿನ ಫೋಟೋ ನೋಡಿದಳು, ಮುಖ ನೋಡಿದಳು, ನಂಬರು ಬರೆದುಕೊಂಡಳು. ಆಮೇಲೆ ಕಾಗದದ ಕಟ್ಟನ್ನು ವರ್ನೆಲ್‌ಳ ಮುಂದೆ ಸರಿಸಿದಳು.

"ಇದರಲ್ಲಿ ಏನಿದೆ?" ಅಂತ ಕೇಳಿದ್ದು ಟವಾನ.

"ನಾನು ಹೇಳೋ ಹಾಗಿಲ್ಲ ಮಗಳೇ. ನಾನು ವಕೀಲೆ ಅಲ್ಲ. ಸಹಿ ಹಾಕೋರು ಯಾರು, ಒಪ್ಪಿ ಹಾಕ್ತಿದ್ದಾರಾ, ಅಷ್ಟೇ ನಾನು ನೋಡೋದು. ಓದಿಕೊಳ್ಳೋದಕ್ಕೆ ಎಷ್ಟು ಹೊತ್ತಾದ್ರೂ ತಗೊಳ್ಳಿ."

"ಓದೋದೇನಿದೆ?" ಅಂದ ಗ್ರೇಡಿ. "ಆಸ್ಪತ್ರೆ ಖರ್ಚೆಲ್ಲ ನಾವೇ ನೋಡ್ಕೊಳ್ತೀವಿ ಅಂತ ಬರೆದಿದೆ. ವರ್ನೆಲ್‌ಗೆ ಒಳ್ಳೇದಾಗಲಿ ಅಂತಾನೇ ಮಾಡಿದ್ದು."

ಟವಾನ ನಿಂತೇ ಓದಲು ಶುರುಮಾಡಿದಳು. ಮೂರನೇ ಪುಟಕ್ಕೆ ಬಂದು ನಿಲ್ಲಿಸಿದಳು. ಆ ಪುಟವನ್ನೇ ಮತ್ತೆ ಓದಿದಳು, ಈ ಸಲ ಗಟ್ಟಿಯಾಗಿ.

"'ಮೇಲ್ವಿಚಾರಕರ ಸ್ಪಷ್ಟ ಸೂಚನೆಯನ್ನು ಮೀರಿ, ಯಂತ್ರ ಓಡುತ್ತಿರುವಾಗಲೇ, ನನ್ನ ಸ್ವಂತ ಅಜಾಗರೂಕತೆಯಿಂದ ನಾನು ಅದರೊಳಗೆ ಕೈ ಹಾಕಿದೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಈ ಬಗ್ಗೆ ಯಾರೊಂದಿಗೂ ಮಾತನಾಡುವುದಿಲ್ಲ.'" ಅವಳು ತಲೆಯೆತ್ತಿದಳು. "ದೊಡ್ಡಮ್ಮ, ಇದು ಸುಳ್ಳು."

ವರ್ನೆಲ್ ಹೂಂ ಅಂದಳು.

ಸುಳ್ಳೇ. ಕಾರ್ಖಾನೆಯ ಆ ಲೈನಿನಲ್ಲಿ ಸಾಲಾಗಿ ನಿಂತಿದ್ದ ಹನ್ನೊಂದು ಹೆಂಗಸರಿಗೂ ಗೊತ್ತು. ಹತ್ತೊಂಬತ್ತು ವರ್ಷ ವರ್ನೆಲ್ ಚರ್ಮ ಸುಲಿಯುವ ಯಂತ್ರದಲ್ಲಿ ನಿಂತವಳು. ಹಲ್ಲಿರುವ ಉರುಳೆ, ಅದಕ್ಕೆ ತಾಗಿದಂತೆ ಅಲಗು. ಮೀನಿನ ಹೋಳನ್ನು ಉರುಳೆಗೆ ಒತ್ತಿದರೆ ಚರ್ಮ ಕೆಳಗೆ, ಮಾಂಸ ಮುಂದೆ. ಮತ್ತೊಂದು ಹೋಳು, ಮತ್ತೊಂದು. ಕಾಲಡಿ ಐಸಿನ ನೀರು, ರಬ್ಬರ್ ಬೂಟಿನೊಳಗೆ ಕಾಲು ಮರಗಟ್ಟುತ್ತದೆ. ಉಚ್ಚೆಗೆ ಹೋಗಲು ಕೈ ಎತ್ತಿ ಕಾಯಬೇಕು, ಸೂಪರ್‌ವೈಸರ್ ರಸ್ಟಿ ತಲೆಯಾಡಿಸಬೇಕು. ತಲೆಯಾಡಿಸದೆ ಹೋದ ದಿನ ನಿಂತಲ್ಲೇ ಆಗಿಹೋದವರಿದ್ದಾರೆ. ಆ ಹೆಂಗಸರ ಹೆಸರು ಹೇಳುವುದಿಲ್ಲ, ಅವರಿಗೂ ಮಕ್ಕಳು ಮರಿ ಇದ್ದಾರೆ.

ಉರುಳೆಯ ಮುಂದೆ, ಕೈ ಒಳಗೆ ಹೋಗದಂತೆ, ಒಂದು ತಡೆಗಂಬಿ ಇರಬೇಕು. ಅದು ಮುರಿದು ನಾಲ್ಕು ತಿಂಗಳಾಗಿತ್ತು. ಅವತ್ತು ಯಂತ್ರದ ಬಾಯಿಯಲ್ಲಿ ಚರ್ಮ ಸಿಕ್ಕಿಕೊಂಡಿತು. ವರ್ನೆಲ್ ಗುಂಡಿ ಒತ್ತಿ ನಿಲ್ಲಿಸಲು ಹೋದಳು. ರಸ್ಟಿ ಕೂಗಿದ: "ನಿಲ್ಲಿಸಬೇಡ, ಹಾಗೇ ಎಳಿ." ಅವಳು ಎಳೆದಳು. ಗ್ಲೌಸು ಸಿಕ್ಕಿತು. ಗ್ಲೌಸಿನ ಜೊತೆ ಮೂರು ಬೆರಳು, ಅಂಗೈಯ ಚರ್ಮ. ಉಳಿದ ಎರಡು ಬೆರಳು ಬಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಪೈಪು ಹಿಡಿದು ಯಂತ್ರ ತೊಳೆದರು, ಲೈನ್ ಓಡಿಸಿದರು. ಮರುದಿನ ಆ ಜಾಗಕ್ಕೆ ಟವಾನಳನ್ನು ನಿಲ್ಲಿಸಿದರು. ತಡೆಗಂಬಿ ಇವತ್ತಿಗೂ ಹಾಕಿಲ್ಲ. ಯಂತ್ರದ್ದು ತಪ್ಪಿಲ್ಲ ಅಂತ ವರ್ನೆಲ್ ಸಹಿ ಮಾಡಿಬಿಟ್ಟರೆ ಇನ್ನು ಹಾಕುವುದೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ವರ್ನೆಲ್ ಸಹಿ ಮಾಡಲು ತಯಾರಾಗಿಯೇ ಕೂತಿದ್ದಳು. ಅವಳೇನು ಧೀರೆಯಲ್ಲ. ಆಸ್ಪತ್ರೆಯವರು ದಿನಾ ಫೋನು ಮಾಡುತ್ತಿದ್ದರು. ತೊಡೆಯ ಚರ್ಮ ತೆಗೆದು ಅಂಗೈಗೆ ಹಚ್ಚಿದ್ದರು, ಇನ್ನೂ ಎರಡು ಸಲ ಕೊಯ್ಯಬೇಕು ಅಂದಿದ್ದರು. ಮನುಷ್ಯರಿಗೆ ಸಾಕಾಗುತ್ತದೆ. ಅವಳಿಗೂ ಸಾಕಾಗಿತ್ತು.

"ಕೊಡಿ ಪೆನ್ನು," ಅಂದಳು.

ಗ್ರೇಡಿ ಪೆನ್ನು ಚಾಚಿದ. ಚಾಚಿದ್ದು ಅವಳ ಬಲಗೈಯ ಕಡೆಗೆ. ಬಲಗೈ ಮೇಜಿನ ಮೇಲೆ ಬಟ್ಟೆಯ ಉಂಡೆಯಾಗಿ ಬಿದ್ದಿತ್ತು. ಅವನ ಕೈ ಗಾಳಿಯಲ್ಲೇ ನಿಂತಿತು.

ಯೂಲಾ ಕನ್ನಡಕ ತೆಗೆದು ಒರೆಸಿದಳು.

"ಎಡಗೈಯಲ್ಲಿ ಹಾಕ್ತೀನಿ," ಅಂದಳು ವರ್ನೆಲ್. ಪೆನ್ನು ಎಡಗೈಗೆ ತೆಗೆದುಕೊಂಡು ಮೊದಲ ಹಳದಿ ಚೀಟಿಯ ಹತ್ತಿರ ಇಟ್ಟಳು. ಒಂದು ಅಕ್ಷರ ಮುಗಿಯಲು ಎಷ್ಟೋ ಹೊತ್ತು ಹಿಡಿಯಿತು, ಅದೂ ಗೆರೆ ಬಿಟ್ಟು ಕೆಳಗೆ ಜಾರಿತು. ಗ್ರೇಡಿ ಗಡಿಯಾರ ನೋಡಿದ. ಅಂಗಳಕ್ಕೆ ಹೋಗಿ ವಕೀಲರಿಗೆ ಫೋನು ಮಾಡಿ ನಗುತ್ತಾ ಬಂದ.

"ಬಿಡು ಬಿಡು, ಕಷ್ಟಪಡಬೇಡ. ವಕೀಲರು ಸುಲಭದ ದಾರಿ ಹೇಳಿದಾರೆ. ಓದು ಬರಹ ಬಾರದವರು ಹಾಕ್ತಾರಲ್ಲ, ಹಾಗೆ ಒಂಬತ್ತು ಕಡೆ ಇಂಟು ಹಾಕು. ಪಕ್ಕದಲ್ಲಿ ಇಬ್ಬರು ಸಾಕ್ಷಿ ಸಹಿ ಹಾಕಿದ್ರೆ ಆಯ್ತು. ಒಂದು ನಾನು. ಇನ್ನೊಂದು ಇವಳು, ಟವಾನ."

"ನಾನ್ಯಾಕೆ?" ಅಂದಳು ಟವಾನ.

"ಸೋಮವಾರ ಕೆಲಸಕ್ಕೆ ಬರ್ತೀಯ ತಾನೇ?"

ಅಷ್ಟೇ ಕೇಳಿದ. ನಗುತ್ತಲೇ ಕೇಳಿದ. ಟವಾನಳಿಗೆ ಇಬ್ಬರು ಮಕ್ಕಳು. ನಲವತ್ತು ಮೈಲಿ ಸುತ್ತಲೂ ಮೀನು ಬಿಟ್ಟರೆ ಬೇರೆ ಕೆಲಸವಿಲ್ಲ.

"ನಂಗೆ ಬರೆಯೋಕೆ ಬರುತ್ತೆ ಮಿಸ್ಟರ್ ಗ್ರೇಡಿ," ಅಂದಳು ವರ್ನೆಲ್.

"ಗೊತ್ತಮ್ಮಾ ತಾಯಿ. ಯಾರು ಇಲ್ಲ ಅಂದ್ರು? ಬೇಗ ಮುಗೀಲಿ ಅಂತ ಅಷ್ಟೇ. ಹಾಕು, ಇಲ್ಲಿ. ಒಂದು ಗೀಟು ಹೀಗೆ, ಒಂದು ಗೀಟು ಹಾಗೆ." ಅವನು ಬೆರಳಿನಿಂದ ಮೇಜಿನ ಮೇಲೆ ಬರೆದು ತೋರಿಸಿದ, ಮಗುವಿಗೆ ತೋರಿಸಿದ ಹಾಗೆ.

ವರ್ನೆಲ್ ಅವನ ಬೆರಳನ್ನೇ ನೋಡಿದಳು. ಅವಳ ತಾತ ಪಾಲಿಗೆ ಹತ್ತಿ ಬೆಳೆದವನು. ಪ್ರತಿ ವರ್ಷ ಧಣಿಯ ಕಾಗದಕ್ಕೆ ಇಂಟು ಹಾಕಿದ. ಅದರಲ್ಲಿ ಏನಿತ್ತು ಅಂತ ಸಾಯುವವರೆಗೂ ಅವನಿಗೆ ಗೊತ್ತಾಗಲಿಲ್ಲ. ವರ್ನೆಲ್‌ಳ ಅಮ್ಮ ಅದನ್ನು ನೋಡಿ ಬೆಳೆದವಳು. ದಿನಾ ಊಟಕ್ಕೆ ಮುಂಚೆ ಹೆಣ್ಣುಮಕ್ಕಳನ್ನು ಕೂರಿಸಿ, ಅಂಗಡಿಯ ಕಂದು ಚೀಲ ಹರಿದು, ಪೂರ್ತಿ ಹೆಸರು ಬರೆಸುತ್ತಿದ್ದಳು. ಬರೆದವರಿಗೆ ಮಾತ್ರ ತಟ್ಟೆ. ಅಕ್ಷರ ಸೊಟ್ಟಗಾದರೆ ಮತ್ತೆ ಬರೆಯಬೇಕು, ರೊಟ್ಟಿ ಆರಿಹೋದರೂ ಸರಿಯೇ. ತಂಗಿ ಅಳುತ್ತಿದ್ದಳು. ಅಮ್ಮ ಜಗ್ಗುತ್ತಿರಲಿಲ್ಲ. ಅಮ್ಮ ಸಾಯುವ ಹೊತ್ತಿಗೆ ಆ ಮನೆಯಲ್ಲಿ ಇಂಟು ಹಾಕುವವರು ಯಾರೂ ಉಳಿದಿರಲಿಲ್ಲ.

ಯೂಲಾ ರಿಜಿಸ್ಟರ್ ಬಿಡಿಸಿ ಹತ್ತಿರಕ್ಕೆ ಎಳೆದುಕೊಂಡಳು. ಮಾಮೂಲಿ ದನಿಯಲ್ಲಿ, ದಿನಕ್ಕೆ ಆರು ಸಲ ಕೇಳುವುದನ್ನು ಕೇಳಿದಳು.

"ಮಿಸ್ ವರ್ನೆಲ್ ಗ್ಯಾಡಿಸ್, ಈ ಕಾಗದಕ್ಕೆ ಯಾರ ಒತ್ತಾಯವೂ ಇಲ್ಲದೆ, ನಿಮ್ಮ ಸ್ವಂತ ಇಷ್ಟದಿಂದ ಗುರುತು ಹಾಕ್ತಿದ್ದೀರಾ?"

"ಹೌದು ಅನ್ನು," ಅಂದ ಗ್ರೇಡಿ.

"ಅವರೇ ಹೇಳಬೇಕು," ಅಂದಳು ಯೂಲಾ.

ಹತ್ತೊಂಬತ್ತು ವರ್ಷದಲ್ಲಿ ಯಾರೂ ವರ್ನೆಲ್‌ಗೆ ಇಷ್ಟವಿದೆಯಾ ಅಂತ ಕೇಳಿರಲಿಲ್ಲ. ಈಗ ಕೇಳಿದ್ದೂ ಕಾನೂನಿಗೋಸ್ಕರ. ಆದರೂ ಕೇಳಿದ್ದರು.

"ಇಲ್ಲ," ಅಂದಳು.

"ಏನು ಇಲ್ಲ?"

"ಇಷ್ಟ ಇಲ್ಲ ಮಿಸ್ಟರ್ ಗ್ರೇಡಿ. ನಾನು ಹಾಕಲ್ಲ."

ಯೂಲಾ ಮೊಹರಿನ ಮುಚ್ಚಳ ಮುಚ್ಚಿದಳು. ಕಾಗದದ ಕಟ್ಟನ್ನು ಗ್ರೇಡಿಯ ಕಡೆಗೆ ತಳ್ಳಿದಳು. "ಆಯ್ತು. ತಗೊಂಡು ಹೋಗಿ."

"ಇವಳಿಗೆ ತಲೆ ನೆಟ್ಟಗಿಲ್ಲ, ಮಾತ್ರೆ ತಗೊಂಡಿದಾಳೆ. ಇನ್ನೊಂದು ಸಲ ಕೇಳು."

"ತಲೆ ನೆಟ್ಟಗಿಲ್ಲ ಅಂದ್ರೆ ಮೊದಲೇ ಸಹಿ ಹಾಕಿಸೋ ಹಾಗಿಲ್ಲ. ನೆಟ್ಟಗಿದೆ ಅಂದ್ರೆ ಇಲ್ಲ ಅಂದಿದ್ದಾರೆ. ಯಾವುದು ಬರ್ಕೊಳ್ಳಲಿ, ಹೇಳಿ?"

ಗ್ರೇಡಿಯ ಮುಖ ಕೆಂಪಾಯಿತು. "ನಿನ್ನ ಕರೆಸಿದ್ದು ನಾವು. ಇನ್ಮೇಲೆ ನಮ್ಮ ವಕೀಲರ ಒಂದು ಕರೆ ಬಂದ್ರೆ ಕೇಳು."

"ಬರಲ್ಲ ಅಂತ ಗೊತ್ತು."

ಅವನು ವರ್ನೆಲ್‌ಳ ಕಡೆ ತಿರುಗಿದ. "ಆಸ್ಪತ್ರೆಯವರು ಬಾಗಿಲಿಗೆ ಬಂದು ನಿಲ್ತಾರೆ. ಆಗ ನಮ್ಮ ಹತ್ರ ಅಳ್ತಾ ಬರಬೇಡ. ಟವಾನ, ನೀನು ಯೋಚನೆ ಮಾಡ್ಕೋ." ಬಾಗಿಲು ದಡಾರನೆ ಬಡಿದು ಹೋದ. ಪಿಕಪ್ ಅಂಗಳದ ಧೂಳೆಬ್ಬಿಸಿತು.

ವರ್ನೆಲ್‌ಗೆ ಗೆದ್ದ ಹಾಗೇನೂ ಅನಿಸಲಿಲ್ಲ. ಗೆದ್ದದ್ದಾದರೂ ಏನು? ಬೆರಳು ಬರಲಿಲ್ಲ, ಆಸ್ಪತ್ರೆಯ ಸಾಲ ಹೋಗಲಿಲ್ಲ. ಕಿಟಕಿಯ ಆಚೆ ಧೂಳು ಕೂರುವುದನ್ನು ನೋಡುತ್ತಾ ಕೂತಳು. ಯೂಲಾ ರಿಜಿಸ್ಟರನ್ನು ಚೀಲಕ್ಕೆ ಹಾಕುತ್ತಿದ್ದಳು.

"ಕೂತ್ಕೋ," ಅಂದಳು ವರ್ನೆಲ್.

"ಇನ್ನೇನಿದೆ ಅಕ್ಕ?"

"ಅವರ ಕಾಗದಕ್ಕೆ ಮೊಹರು ಹಾಕೋಕೆ ಬಂದೆಯಲ್ಲ. ನಾನೇ ಒಂದು ಕಾಗದ ಬರೆದ್ರೆ ಹಾಕ್ತೀಯಾ?"

ಯೂಲಾ ರಿಜಿಸ್ಟರನ್ನು ಮತ್ತೆ ಮೇಜಿನ ಮೇಲಿಟ್ಟಳು. "ಮೊಹರು ಅವರದ್ದಲ್ಲ, ನಂದೂ ಅಲ್ಲ. ರಾಜ್ಯದ್ದು. ಯಾರು ಕೇಳಿದ್ರೂ ಹಾಕಬೇಕು. ಏನು ಬರೀಬೇಕು ಅಂತ ಮಾತ್ರ ನಾನು ಹೇಳಲ್ಲ."

"ನೀನೇನು ಹೇಳೋದು? ಅಲ್ಲಿ ನಿಂತಿದ್ದವಳು ನಾನು."

"ನಾನೂ ಆರು ವರ್ಷ ನಿಂತಿದ್ದೆ," ಅಂದಳು ಯೂಲಾ, ಕುರ್ಚಿ ಎಳೆದುಕೊಳ್ಳುತ್ತಾ. "ತಲೆ ಕತ್ತರಿಸೋ ಕಡೆ. ಮಂಡಿ ಹೋಯ್ತು, ಬಿಟ್ಟೆ. ಈಗಲೂ ಕೈ ಮೂಸಿ ನೋಡ್ಕೋತೀನಿ."

ಟವಾನ ಮಕ್ಕಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ತಂದಳು. ವರ್ನೆಲ್ ಹೇಳಿದಳು, ಅವಳು ಬರೆದಳು. ಯಂತ್ರದ ತಡೆಗಂಬಿ ಎಂದು ಮುರಿಯಿತು. ಯಾರಿಗೆ ಎಷ್ಟು ಸಲ ಹೇಳಿದೆ. ಅವತ್ತು ಏನು ಸಿಕ್ಕಿಕೊಂಡಿತು. ರಸ್ಟಿ ಏನಂದ, ಯಾವ ಮಾತಿನಲ್ಲಿ ಅಂದ. ಪಕ್ಕದಲ್ಲಿ ಯಾರು ಯಾರಿದ್ದರು. ಬೆರಳುಗಳನ್ನು ಯಾರು ಹೆಕ್ಕಿದರು, ಯಾವ ಡಬ್ಬಿಗೆ ಹಾಕಿದರು. ವರ್ನೆಲ್‌ಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಬೇರೆ ಯಾರದೋ ಕೈಯ ವಿಷಯ ಹೇಳಿದ ಹಾಗೆ ಹೇಳಿದಳು. ಟವಾನ ಎರಡು ಸಲ ಬರೆಯುವುದು ನಿಲ್ಲಿಸಿ ಅಂಗಿಯ ತೋಳಿಗೇ ಮೂಗು ಒರೆಸಿಕೊಂಡಳು.

"'ಈಗ ಅದೇ ಯಂತ್ರದಲ್ಲಿ ನನ್ನ ತಂಗಿಯ ಮಗಳು ಟವಾನ ನಿಂತಿದ್ದಾಳೆ,' ಅಂತ ಬರಿ," ಅಂದಳು ವರ್ನೆಲ್.

"ನನ್ನ ಹೆಸರು ಯಾಕೆ ದೊಡ್ಡಮ್ಮ? ಕೆಲಸ ಹೋಗುತ್ತೆ."

"ನಿನ್ನ ಹೆಸರು ಬೇಡ ಅಂದ್ರೆ ಬಿಡು. ಆದ್ರೆ ನಾನು ಈ ಕಾಗದ ಬರೆಸ್ತಿರೋದು ನನ್ನ ಕೈಗೋಸ್ಕರ ಅಲ್ಲ. ಅದು ಹೋಯ್ತು."

ಟವಾನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಬರೆದಳು, ಹೆಸರು ಸಮೇತ.

ಯೂಲಾ ಎದ್ದು ನಿಂತಳು. ಇಪ್ಪತ್ತು ವರ್ಷದ ಅಭ್ಯಾಸ, ಬಾಯಿ ತಾನಾಗೇ ಹೇಳಿತು.

"ಬಲಗೈ ಎತ್ತಿ."

ಅಂದ ಮೇಲೆ ಅವಳಿಗೇ ತಿಳಿಯಿತು. "ಅಯ್ಯೋ, ತಪ್ಪಾಯ್ತು ಅಕ್ಕ. ಎಡಗೈಯಾದ್ರೂ ನಡೆಯುತ್ತೆ. ಕೈ ಎತ್ತದೇ ಇದ್ರೂ ನಡೆಯುತ್ತೆ."

ವರ್ನೆಲ್ ಎಡಗೈಯಿಂದ ಬಲಗೈಯ ಮೊಣಕೈ ಹಿಡಿದು ಮೇಲೆತ್ತಿದಳು. ಬಟ್ಟೆಯ ಉಂಡೆ ಅವಳ ಮುಖದ ಮಟ್ಟಕ್ಕೆ ಬಂತು.

"ಬಲಗೈ ಇದೇ. ಕೇಳು."

"ಇದರಲ್ಲಿ ಬರೆದದ್ದೆಲ್ಲ ನಿಜ ಅಂತ ದೇವರ ಮೇಲೆ ಪ್ರಮಾಣ ಮಾಡ್ತೀರಾ?"

"ಮಾಡ್ತೀನಿ."

ಸಹಿಗೆ ಎಡಗೈ ಸಾಕು ಅಂದಳು ಯೂಲಾ. ಕಣ್ಣೆದುರು ಅವರೇ ಬರೆದರೆ ಅದು ಅವರದೇ ಸಹಿ, ಯಾವ ಕೈಯಾದರೇನು. ಅಂದರೆ ಬೆಳಗ್ಗೆಯೂ ಅಷ್ಟೇ ಸಾಕಿತ್ತು. ಕಾಯುವ ಪುರಸೊತ್ತು ಕಾರ್ಖಾನೆಯವರಿಗಿರಲಿಲ್ಲ. ವರ್ನೆಲ್ ಬರೆದಳು. ಬಾಯಿ ತೆರೆದು, ನಾಲಿಗೆ ಹಲ್ಲಿಗೆ ಒತ್ತಿ, ಒಂದೊಂದೇ ಅಕ್ಷರ. ಯಾರೂ ಗಡಿಯಾರ ನೋಡಲಿಲ್ಲ. ಅಕ್ಷರಗಳು ಸೊಟ್ಟಗಿದ್ದವು, ಗೆರೆ ಬಿಟ್ಟು ಜಾರಿದ್ದವು, ಆದರೆ ಹೆಸರು ಪೂರ್ತಿ ಇತ್ತು. ಯೂಲಾ ಮೊಹರು ಒತ್ತಿದಳು. ಕಾರಿನ ಡಿಕ್ಕಿಯಲ್ಲಿದ್ದ ಜೆರಾಕ್ಸ್ ಯಂತ್ರದಲ್ಲಿ ಹನ್ನೆರಡು ಪ್ರತಿ ತೆಗೆದುಕೊಟ್ಟಳು. ಒಂದನ್ನು ಕಾರ್ಖಾನೆಗಳ ಮೇಲೆ ನಿಗಾ ಇಡುವ ಸರ್ಕಾರಿ ಕಚೇರಿಗೆ ಆ ದಿನವೇ ಅಂಚೆಗೆ ಹಾಕಿದರು. ಉಳಿದ ಹನ್ನೊಂದು, ಲೈನಿನ ಹೆಂಗಸರಿಗೆ ಒಂದೊಂದು, ಟವಾನಳ ಊಟದ ಚೀಲ ಸೇರಿದವು.

ಸೋಮವಾರ ಬೆಳಗ್ಗೆ ಹತ್ತಕ್ಕೆಲ್ಲ ಟವಾನ ಮನೆಗೆ ಬಂದಳು. ತಲೆಗೆ ಜಾಲರಿ ಹಾಗೇ ಇತ್ತು, ಬೂಟೂ ಬಿಚ್ಚಿರಲಿಲ್ಲ. ಮೀನಿನ ನೀರು ನೆಲದ ಮೇಲೆ ತೊಟ್ಟಿಕ್ಕಿತು. ವರ್ನೆಲ್ ಅದೇ ಕುರ್ಚಿಯಲ್ಲಿದ್ದಳು.

"ಕೆಲಸದಿಂದ ಓಡಿಸಿದ್ರು ದೊಡ್ಡಮ್ಮ," ಅಂದಳು ಟವಾನ. "ಚರ್ಮ ಸಿಕ್ಕಿಕೊಳ್ತು. ನಿಲ್ಲಿಸಬೇಡ, ಹಾಗೇ ಎಳಿ ಅಂದ ರಸ್ಟಿ. ನಿನಗೆ ಅಂದಿದ್ದನ್ನೇ ಅಂದ. ನಾನು ಗುಂಡಿ ಒತ್ತಿಬಿಟ್ಟೆ. ಲೈನೆಲ್ಲ ನಿಂತುಹೋಯ್ತು. ಮತ್ತೆ ಓಡಿಸು ಅಂತ ಒಬ್ಬೊಬ್ಬರಿಗೂ ಕೂಗಿದ. ಎಲ್ಲರೂ ಬೆಳಗ್ಗೆನೇ ನಿನ್ನ ಕಾಗದ ಓದಿದ್ರು. ಒಬ್ಬಳೂ ಮುಟ್ಟಲಿಲ್ಲ. ಏಪ್ರನ್ ಒಳಗೆ ಕೈ ಇಟ್ಕೊಂಡು ನಿಂತುಬಿಟ್ರು. ಮೀನು ನೆಲದ ಮೇಲೆ ಬೀಳ್ತಾ ಇತ್ತು."

"ಈಗ?"

"ನಾನು ಬರೋವಾಗಲೂ ನಿಂತೇ ಇದ್ರು. ಅವರ ಗತಿ ಏನೋ ಗೊತ್ತಿಲ್ಲ. ನನ್ನ ಕೆಲಸ ಅಂತೂ ಹೋಯ್ತು. ಮಕ್ಕಳಿಗೆ ಏನು ಹೇಳಲಿ ದೊಡ್ಡಮ್ಮ?"

ವರ್ನೆಲ್ ಅವಳ ಕಡೆಗೆ ಬಾಗಿದಳು.

"ಕೈ ತೋರಿಸು," ಅಂದಳು.

ಟವಾನ ಗ್ಲೌಸು ಕಳಚಿ ಎರಡೂ ಕೈ ಮುಂದೆ ಚಾಚಿದಳು. ಐಸಿಗೆ ಬಿಳುಚಿಕೊಂಡು, ಸುಕ್ಕುಗಟ್ಟಿ, ಮೀನು ನಾರುವ ಕೈಗಳು. ವರ್ನೆಲ್ ಅವನ್ನು ಎಡಗೈಯಿಂದ ಮುಟ್ಟಿ ಮುಟ್ಟಿ ಎಣಿಸಿದಳು. ಹತ್ತು ಬೆರಳೂ ಇದ್ದವು. ಇಪ್ಪತ್ತೆಂಟು ದಿನದಿಂದ ಬಾರದ ಅಳು ಆಗ ಬಂತು. ಟವಾನಳ ಒದ್ದೆ ಅಂಗೈಗಳಲ್ಲಿ ಮುಖವಿಟ್ಟು ವರ್ನೆಲ್ ಗಟ್ಟಿಯಾಗಿ ಅತ್ತಳು.